ಹಾಲಿನ ಸಕ್ಕರೆಯ ಇನ್ನೊಂದು ಅರ್ಧ: ಗ್ಯಾಲಕ್ಟೋಸ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಗ್ಲುಕೋಸ್ ಬಗ್ಗೆ ಬರೆಯುವಾಗ ಗ್ಯಾಲಕ್ಟೋಸ್ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಅದನ್ನೇ ಹಿಡಿದು ಬಂದ ಪತ್ರಗಳು ಈ ಸಲ ಜಾಸ್ತಿ. ಅದರಲ್ಲಿ ಒಂದು ಪತ್ರ ಓದಿದ ಮೇಲೆ ಬೇರೆ ವಿಷಯ ಎತ್ತಿಕೊಳ್ಳಲು ಮನಸ್ಸಾಗಲಿಲ್ಲ. ಆ ಪತ್ರದಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ಮಗಳಿಗೆ ಹೆರಿಗೆಯಾಗಿ ಮೂರು ವಾರ. ಮಗು ಮೊದಲ ಮೂರು ದಿನ ಚೆನ್ನಾಗಿತ್ತು. ಆಮೇಲೆ ಕುಡಿದದ್ದೆಲ್ಲ ಕಕ್ಕತೊಡಗಿತು, ಕಣ್ಣು ಮೈ ಹಳದಿಯಾಯಿತು, ತೂಕ ಇಳಿಯಿತು. ಕಾಮಾಲೆ ಎಲ್ಲ ಮಕ್ಕಳಿಗೂ ಬರುತ್ತೆ, ಎಳೆ ಬಿಸಿಲಿಗೆ ಹಿಡಿಯಿರಿ ಎಂದರು. 9ನೇ ದಿನ ದೊಡ್ಡ ಆಸ್ಪತ್ರೆಗೆ ಹೋದಾಗ ಗ್ಯಾಲಕ್ಟೋಸೀಮಿಯಾ ಎಂದು ಹೇಳಿ ಎದೆಹಾಲು ಪೂರ್ತಿ ನಿಲ್ಲಿಸಿದರು. ಈಗ ಮಗು ಚೇತರಿಸಿಕೊಂಡಿದೆ. ಆದರೆ ನನ್ನ ಹಾಲೇ ಮಗುವಿಗೆ ವಿಷವಾಯಿತಲ್ಲ ಎಂದು ಮಗಳು ದಿನಾ ಅಳುತ್ತಾಳೆ. ಮನೆಗೆ ಬಂದವರು, ಬಾಣಂತಿ ಪಥ್ಯ ತಪ್ಪಿ ಏನೋ ತಿಂದಿರಬೇಕು ಅನ್ನುತ್ತಾರೆ. ನಿಜವಾ? – ಒಬ್ಬ ಅಜ್ಜಿ, ಹಾಸನ

ಉತ್ತರ: ನಿಜ ಅಲ್ಲಮ್ಮ. ಇದನ್ನು ನಿಮ್ಮ ಮಗಳಿಗೆ ಓದಿ ಹೇಳಿ. ಆಕೆ ತಿಂದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಪಥ್ಯ ಮಾಡಿದ್ದರೂ ಮಾಡದಿದ್ದರೂ ಆಕೆಯ ಹಾಲಿನಲ್ಲಿ ಇರಬೇಕಾದದ್ದೇ ಇತ್ತು. ಜಗತ್ತಿನ ಎಲ್ಲ ತಾಯಂದಿರ ಹಾಲಿನಲ್ಲೂ ಅದೇ ಇರುತ್ತದೆ. ಕೊರತೆ ಹಾಲಿನದಲ್ಲ, ಮಗುವಿನ ಲಿವರ್‌ನಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವ ಇಲ್ಲದ್ದು.

ಹಾಲಿಗೆ ಸಿಹಿ ಕೊಡುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದು ಜೋಡಿ ಸಕ್ಕರೆ, ಅರ್ಧ ಗ್ಲುಕೋಸ್, ಇನ್ನರ್ಧ ಗ್ಯಾಲಕ್ಟೋಸ್. ತಾಯಿಯ ಹಾಲಿನಲ್ಲಿ 100 ಮಿಲಿಗೆ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಇರುತ್ತದೆ, ಹಸುವಿನ ಹಾಲಿನಲ್ಲಿ ಅದಕ್ಕಿಂತ ಕಡಿಮೆ, 5 ಗ್ರಾಂ ಆಸುಪಾಸು. ದಿನಕ್ಕೆ ಅರ್ಧ ಲೀಟರ್ ಕುಡಿಯುವ ಎಳೆಗೂಸಿನ ರಕ್ತಕ್ಕೆ ಹಾಗೆ ಸುಮಾರು 18 ಗ್ರಾಂ ಗ್ಯಾಲಕ್ಟೋಸ್ ಇಳಿಯುತ್ತದೆ. ಮೂರು ಕಿಲೋ ಮಗುವಿಗೆ ಇದು ಸಣ್ಣ ಪ್ರಮಾಣವಲ್ಲ. ಲಿವರ್ ಅದನ್ನು ಒಂದು ಮೆಟ್ಟಿಲಾದ ಮೇಲೆ ಒಂದು ಮೆಟ್ಟಿಲು ಹತ್ತಿಸಿ ಗ್ಲುಕೋಸ್ ಮಾಡಿಕೊಳ್ಳುತ್ತದೆ. ನಿಮ್ಮ ಮೊಮ್ಮಗುವಿನಲ್ಲಿ ಎರಡನೇ ಮೆಟ್ಟಿಲಿನ ಕಿಣ್ವ ಕೆಲಸ ಮಾಡುತ್ತಿಲ್ಲ. ಅದರ ಹೆಸರು ಉದ್ದ, ವೈದ್ಯರು ಚುಟುಕಾಗಿ ಗಾಲ್ಟ್ ಅನ್ನುತ್ತಾರೆ. ಮೊದಲ ಮೆಟ್ಟಿಲು ಹತ್ತಿದ ಗ್ಯಾಲಕ್ಟೋಸ್‌ಗೆ ಒಂದು ಫಾಸ್ಫೇಟ್ ಅಂಟಿಕೊಂಡಿರುತ್ತದೆ, ಹಾಗಾಗಿ ಅದು ಜೀವಕೋಶದಿಂದ ಹೊರಗೂ ಬರಲಾರದು, ಮುಂದಕ್ಕೂ ಹೋಗಲಾರದು. ಅಲ್ಲೇ ಕೂಡಿಕೊಳ್ಳುತ್ತದೆ. ಲಿವರ್, ಮೂತ್ರಪಿಂಡ, ಮಿದುಳು ಇವೆಲ್ಲ ನಲುಗುವುದು ಇದರಿಂದ. ವಾಂತಿ, ಕಾಮಾಲೆ, ಲಿವರ್ ಊತ, ಸೂಜಿ ಚುಚ್ಚಿದ ಕಡೆ ರಕ್ತ ನಿಲ್ಲದಿರುವುದು, ಸುಸ್ತಾಗಿ ಮಲಗಿಬಿಡುವುದು, ಎಲ್ಲ ಇದರದೇ ಲಕ್ಷಣ. ಮೊದಲೆರಡು ದಿನ ಮಗು ಕುಡಿಯುವ ಹಾಲೇ ಕಡಿಮೆ, ಅದಕ್ಕೇ ಆಗ ಚೆನ್ನಾಗಿ ಕಾಣುತ್ತದೆ. ಹಾಲು ಹೆಚ್ಚಿದಂತೆ ಕಾಯಿಲೆ ತೋರುತ್ತದೆ.

ಇಂಥ ಮಕ್ಕಳಿಗೆ ಇ. ಕೋಲಿ ಬ್ಯಾಕ್ಟೀರಿಯಾದಿಂದ ರಕ್ತಕ್ಕೆ ನಂಜೇರುವ ಅಪಾಯವೂ ದೊಡ್ಡದು. ಎಷ್ಟೋ ಮಕ್ಕಳು ಹೋಗುವುದು ಅದರಿಂದಲೇ, ಮೂಲ ಕಾರಣ ಹಾಲಿನ ಸಕ್ಕರೆ ಎಂದು ಯಾರಿಗೂ ಹೊಳೆಯುವ ಮೊದಲೇ. ನಿಮ್ಮಲ್ಲಿ 9ನೇ ದಿನ ಗೊತ್ತಾಯಿತು. ಮಗು ಉಳಿಯಿತು.

ಬಿಸಿಲಿಗೆ ಹಿಡಿಯಿರಿ ಎಂದವರ ಮೇಲೆ ಕೋಪ ಬರುವುದು ಸಹಜ. ಆದರೆ ಹುಟ್ಟಿದ ವಾರದ ಕಾಮಾಲೆ ಬಹುಪಾಲು ಮಕ್ಕಳಲ್ಲಿ ತಾನಾಗಿ ಹೋಗುತ್ತದೆ ಅನ್ನುವುದೂ ನಿಜ. ಬೇರೆ ಓದುಗರಿಗಾಗಿ ಹೇಳುತ್ತೇನೆ: ಕಾಮಾಲೆಯ ಜೊತೆಗೆ ವಾಂತಿ, ತೂಕ ಇಳಿಯುವುದು, ಹಾಲು ಬೇಡವೆನ್ನುವುದು, ಮಂಕಾಗಿರುವುದು ಸೇರಿದರೆ ಅದು ಬಿಸಿಲಿಗೆ ಹಿಡಿಯುವ ಕಾಮಾಲೆ ಅಲ್ಲ. ಅವತ್ತೇ ಮಕ್ಕಳ ವೈದ್ಯರ ಹತ್ತಿರ ಹೋಗಿ, ಗ್ಯಾಲಕ್ಟೋಸೀಮಿಯಾ ಇರಬಹುದಾ ಎಂದು ಬಾಯಿ ಬಿಟ್ಟು ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸಂಶಯ ಬಂದ ಕೂಡಲೇ ವೈದ್ಯರು ಹಾಲು ನಿಲ್ಲಿಸುತ್ತಾರೆ, ರಕ್ತದ ವರದಿ ಬರಲಿ ಎಂದು ಕಾಯುವುದಿಲ್ಲ. ಒಂದು ಹಳೇ ಸುಳಿವೂ ಇದೆ. ಮೂತ್ರಕ್ಕೆ ಬೆನೆಡಿಕ್ಟ್ ದ್ರಾವಣ ಹಾಕಿ ಕಾಯಿಸಿದರೆ ಬಣ್ಣ ಬದಲಾಗುತ್ತದೆ, ಆದರೆ ಗ್ಲುಕೋಸ್ ಪಟ್ಟಿ ಅದ್ದಿದರೆ ಏನೂ ಕಾಣುವುದಿಲ್ಲ. ಅಂದರೆ ಸಕ್ಕರೆ ಇದೆ, ಆದರೆ ಅದು ಗ್ಲುಕೋಸ್ ಅಲ್ಲ. ಮಗು ಹಾಲು ಬಿಟ್ಟು ಬರೀ ಡ್ರಿಪ್ ಮೇಲೆ ಇದ್ದರೆ ಈ ಪರೀಕ್ಷೆ ಸುಮ್ಮನಿರುತ್ತದೆ, ಅದನ್ನು ನಂಬಿ ಕೂರಬಾರದು. ರಕ್ತ ಏರಿಸುವುದಿದ್ದರೆ ಅದಕ್ಕೆ ಮೊದಲೇ ಪರೀಕ್ಷೆಗೆ ರಕ್ತ ತೆಗೆದಿಡಬೇಕು. ದಾನಿಯ ಕೆಂಪು ಕಣಗಳಲ್ಲಿ ಗಾಲ್ಟ್ ಇರುತ್ತದಲ್ಲ, ಆಮೇಲೆ ತೆಗೆದರೆ ಎಲ್ಲ ಸರಿಯಿದೆ ಎಂದು ಸುಳ್ಳು ವರದಿ ಬರುತ್ತದೆ.

ಮುಂದಿನ ದಾರಿ ಬಗ್ಗೆ ಮುಚ್ಚಿಡದೆ ಹೇಳಬೇಕು. ಸೋಯಾದಿಂದ ಮಾಡಿದ ಪುಡಿ ಹಾಲಿನಲ್ಲಿ ಲ್ಯಾಕ್ಟೋಸ್ ಇಲ್ಲ, ಮಗು ಅದರಲ್ಲೇ ಬೆಳೆಯುತ್ತದೆ. (ದಿನ ತುಂಬದೆ ಹುಟ್ಟಿದ ಮಗುವಾದರೆ ಬೇರೆ ಪುಡಿ, ಅದನ್ನು ವೈದ್ಯರು ಹೇಳುತ್ತಾರೆ.) ಲಿವರ್ ಸುಧಾರಿಸುತ್ತದೆ, ಕಣ್ಣಿನಲ್ಲಿ ಪೊರೆ ಶುರುವಾಗಿದ್ದರೂ ಬೇಗ ಹಾಲು ನಿಲ್ಲಿಸಿದರೆ ಅದು ಕರಗಬಹುದು. ಹಾಗಿದ್ದೂ ಪಥ್ಯ ಒಂದು ದಿನವೂ ತಪ್ಪದ ಮಕ್ಕಳಲ್ಲಿ ಕೆಲವರಿಗೆ ಮಾತು ತಡವಾಗುತ್ತದೆ, ಕಲಿಕೆ ಕಷ್ಟವಾಗುತ್ತದೆ, ಕೈ ನಡುಗುತ್ತದೆ. ಹೆಣ್ಣು ಮಕ್ಕಳಲ್ಲಿ ಹೆಚ್ಚಿನವರಿಗೆ ಅಂಡಾಶಯ ಬೇಗ ಸೋಲುತ್ತದೆ. ನೀವು ಮಗು ಎಂದಷ್ಟೇ ಬರೆದಿದ್ದೀರಿ. ಹೆಣ್ಣಾಗಿದ್ದರೆ 10–12 ವರ್ಷದ ಹೊತ್ತಿಗೆ ಹಾರ್ಮೋನ್ ತಜ್ಞರಿಗೆ ತೋರಿಸುವುದು ಮರೆಯಬೇಡಿ.

ಪಥ್ಯ ಮಾಡಿದರೂ ಯಾಕೆ ಹೀಗೆ ಅಂದರೆ, ನಮ್ಮ ದೇಹ ತಾನೇ ಗ್ಲುಕೋಸ್‌ನಿಂದ ಗ್ಯಾಲಕ್ಟೋಸ್ ಮಾಡಿಕೊಳ್ಳುತ್ತದೆ, ದೊಡ್ಡವರ ಮೈಯಲ್ಲಿ ದಿನಕ್ಕೆ ಒಂದು ಗ್ರಾಂಗಿಂತ ಜಾಸ್ತಿಯೇ. ಅದು ಬೇಕೇ ಬೇಕು. ಮಿದುಳಿನ ನರಗಳಿಗೆ ಸುತ್ತಿದ ಕೊಬ್ಬಿನ ಹೊದಿಕೆಯಲ್ಲಿ ಗ್ಯಾಲಕ್ಟೋಸ್ ಇದೆ, ರಕ್ತದ ಬಿ ಗುಂಪಿನ ಗುರುತಿನ ತುದಿಯಲ್ಲಿ ಕೂತಿರುವುದೂ ಅದೇ. ಹೊರಗಿನಿಂದ ಬರುವುದನ್ನು ತಡೆಯಬಹುದು, ಒಳಗೆ ಹುಟ್ಟುವುದನ್ನು ತಡೆಯಲಾಗದು. ಹಾಗಾಗಿ ಮುಂದೆ ಎಂದಾದರೂ ಮಗು ಮಾತು ತಡ ಮಾಡಿದರೆ, ನಾನೇ ಎಲ್ಲೋ ಪಥ್ಯ ತಪ್ಪಿಸಿದೆ ಎಂದು ನಿಮ್ಮ ಮಗಳು ಮತ್ತೆ ಅಳಬಾರದು. ಒಂದು ವರ್ಷ ತುಂಬುವ ಹೊತ್ತಿಗೇ ಮಾತಿನ ತರಬೇತಿಯವರನ್ನು ಒಮ್ಮೆ ಕಾಣಲಿ. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬಿಡಬೇಡಿ, ಹಾಲಿಲ್ಲದ ಮಕ್ಕಳ ಮೂಳೆಗೆ ಅದು ಬೇಕು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವನ್ನು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆ ಸೇರಿಸಿ ಅಪರೂಪದ ಕಾಯಿಲೆಗಳ ಉತ್ಕೃಷ್ಟತಾ ಕೇಂದ್ರವಾಗಿ ಕೇಂದ್ರ ಸರ್ಕಾರ ಗುರುತಿಸಿದೆ. ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಗ್ಲುಕೋಸ್, ಗ್ಯಾಲಕ್ಟೋಸ್ ಎರಡರ ಸೂತ್ರವೂ ಒಂದೇ. ವ್ಯತ್ಯಾಸ 4ನೇ ಕಾರ್ಬನ್‌ನಲ್ಲಿ ಮಾತ್ರ. ಅಷ್ಟು ಸಣ್ಣದಕ್ಕೆ ಇಷ್ಟೊಂದು ಕಾಯಿಲೆ ಹೇಗೆ? – ಮಂಗಳೂರು

ಉತ್ತರ: ಒಳ್ಳೇ ಪ್ರಶ್ನೆ ಅಮ್ಮ. ಎರಡರಲ್ಲೂ 6 ಕಾರ್ಬನ್, 12 ಹೈಡ್ರೋಜನ್, 6 ಆಮ್ಲಜನಕ. ತೂಕವೂ ಅದೇ 180. 4ನೇ ಕಾರ್ಬನ್‌ಗೆ ಅಂಟಿದ ಹೈಡ್ರಾಕ್ಸಿಲ್ ಗ್ಲುಕೋಸ್‌ನಲ್ಲಿ ಒಂದು ಕಡೆ, ಗ್ಯಾಲಕ್ಟೋಸ್‌ನಲ್ಲಿ ಅದರ ಎದುರು ಕಡೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿ ನೋಡಿ, ಅಳತೆ ಒಂದೇ ಇದ್ದರೂ ಕೂರುವುದಿಲ್ಲ. ಕಿಣ್ವಕ್ಕೂ ಹಾಗೇ. ಗ್ಲುಕೋಸ್ ಒಡೆಯುವ ದಾರಿಯ ಮೊದಲ ಕಿಣ್ವ ಗ್ಯಾಲಕ್ಟೋಸ್ ಅನ್ನು ಸರಿಯಾಗಿ ಹಿಡಿಯಲಾರದು. ಹಾಗಾಗಿ ಆ ಒಂದು ಹೈಡ್ರಾಕ್ಸಿಲ್ ತಿರುಗಿಸಲೆಂದೇ ದೇಹ ಬೇರೆ ದಾರಿ ಇಟ್ಟುಕೊಂಡಿದೆ.

ಆ ದಾರಿ ನೋಡಲು ಚೆಂದ. ಗ್ಯಾಲಕ್ಟೋಕೈನೇಸ್ ಮೊದಲು ಫಾಸ್ಫೇಟ್ ಅಂಟಿಸುತ್ತದೆ. ಆಮೇಲೆ ಗಾಲ್ಟ್ ಒಂದು ಅದಲುಬದಲು ಮಾಡುತ್ತದೆ: ಯುಡಿಪಿ ಎಂಬ ಹಿಡಿಕೆಯ ಮೇಲೆ ಕೂತಿದ್ದ ಗ್ಲುಕೋಸ್ ಅನ್ನು ಇಳಿಸಿ, ಆ ಜಾಗದಲ್ಲಿ ಗ್ಯಾಲಕ್ಟೋಸ್ ಕೂರಿಸುತ್ತದೆ. ಇಳಿದ ಗ್ಲುಕೋಸ್ ತನ್ನ ದಾರಿ ಹಿಡಿದು ಹೋಗುತ್ತದೆ. ಕೊನೆಗೆ ಎಪಿಮರೇಸ್ ಬಂದು, ಹಿಡಿಕೆಯ ಮೇಲೆ ಕೂತಿರುವ ಗ್ಯಾಲಕ್ಟೋಸ್‌ನ 4ನೇ ಕಾರ್ಬನ್ ತಿರುಗಿಸಿ ಅದನ್ನು ಗ್ಲುಕೋಸ್ ಮಾಡುತ್ತದೆ. ಈಗ ಹಿಡಿಕೆಯ ಮೇಲೆ ಮತ್ತೆ ಗ್ಲುಕೋಸ್ ಸಿದ್ಧ, ಮುಂದಿನ ಗ್ಯಾಲಕ್ಟೋಸ್ ಬರಬಹುದು. ಈ ಹಿಡಿಕೆಯ ಗುಟ್ಟು ಬಿಡಿಸಿದವರು ಅರ್ಜೆಂಟೀನಾದ ಲೂಯಿಸ್ ಲೆಲುವಾರ್. ಬ್ಯೂನಸ್ ಐರಿಸ್‌ನ ಒಂದು ಹಳೇ ಮನೆಯಲ್ಲಿದ್ದ ಸಣ್ಣ ಪ್ರಯೋಗಾಲಯದಲ್ಲಿ ಶುರುವಾದ ಕೆಲಸ ಅದು. 1970ರ ರಸಾಯನಶಾಸ್ತ್ರದ ನೊಬೆಲ್ ಅವರಿಗೇ ಬಂತು. ನಿಮ್ಮ ಪಠ್ಯದಲ್ಲಿ ಈ ದಾರಿಗೆ ಅವರದೇ ಹೆಸರು ಇರುತ್ತದೆ, ನೋಡಿ. ಕಾಯಿಲೆಯನ್ನು ಆಸ್ಟ್ರಿಯಾದ ಫಾನ್ ರಾಯ್ಸ್ 1908ರಲ್ಲೇ ವರ್ಣಿಸಿದ್ದರು. ಆದರೆ ಇಲ್ಲದ್ದು ಗಾಲ್ಟ್ ಎಂದು ತೋರಿಸಿದ್ದು 1956ರಲ್ಲಿ, ಅಮೆರಿಕದಲ್ಲಿ ಹರ್ಮನ್ ಕಾಲ್ಕಾರ್, ಕರ್ಟ್ ಇಸೆಲ್‌ಬಾಕರ್ ಮತ್ತು ಜೊತೆಯವರು. ದಾರಿ ಗೊತ್ತಾದ ಮೇಲೆ ತಾನೆ ಅದು ಎಲ್ಲಿ ಕಡಿದಿದೆ ಎಂದು ಹುಡುಕಲು ಆಗುವುದು?

ಮೊದಲ ಕಿಣ್ವ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನೂ ಓದಿ. ಫಾಸ್ಫೇಟ್ ಅಂಟುವುದೇ ಇಲ್ಲ, ಹಾಗಾಗಿ ಲಿವರ್, ಮಿದುಳು ಬಹುಮಟ್ಟಿಗೆ ಚೆನ್ನಾಗಿರುತ್ತವೆ. ಕಣ್ಣಿಗೆ ಮಾತ್ರ ಪೊರೆ ಬರುತ್ತದೆ. ಎರಡು ಕಾಯಿಲೆಗಳನ್ನು ಪಕ್ಕಪಕ್ಕ ಇಟ್ಟರೆ, ಲಿವರ್ ಕೆಡಿಸುವುದು ಫಾಸ್ಫೇಟ್ ಅಂಟಿದ ಗ್ಯಾಲಕ್ಟೋಸ್ ಇರಬೇಕು, ಕಣ್ಣು ಕೆಡಿಸುವುದು ಬೇರೇನೋ ಎಂದು ನೀವೇ ಊಹಿಸಬಹುದು. ಆ ಬೇರೇನೋ ಯಾವುದು ಎಂದು ಮುಂದೆ ದಾವಣಗೆರೆಯವರ ಪ್ರಶ್ನೆಯಲ್ಲಿ ಬರುತ್ತದೆ. ಅಂದ ಹಾಗೆ, ಗ್ಯಾಲಕ್ಟೋಸ್ ಎಂಬ ಹೆಸರು ಗ್ರೀಕರ ಹಾಲಿನ ಪದದಿಂದ ಬಂದದ್ದು. ಗ್ಯಾಲಕ್ಸಿಯೂ ಅದೇ ಬೇರಿನದು. ನಾವು ಕ್ಷೀರಪಥ ಅನ್ನುತ್ತೇವಲ್ಲ, ಅದೇ.

ಪ್ರಶ್ನೆ: ನಮ್ಮ 2 ವರ್ಷದ ಮಗನಿಗೆ ಗ್ಯಾಲಕ್ಟೋಸೀಮಿಯಾ. ಅಂಗಡಿಯಲ್ಲಿ ‘ಲ್ಯಾಕ್ಟೋಸ್ ಫ್ರೀ’ ಎಂದು ಬರೆದ ಹಾಲು ಸಿಗುತ್ತಿದೆ. ಕೊಡಬಹುದಾ? ಮೊಸರಿನಲ್ಲಿ ಲ್ಯಾಕ್ಟೋಸ್ ಇರಲ್ಲ, ಅದನ್ನಾದರೂ ಕೊಡಿ ಅಂತಾರೆ ನಮ್ಮತ್ತೆ. – ಹುಬ್ಬಳ್ಳಿ

ಉತ್ತರ: ಕೊಡಬೇಡಿ. ಎರಡೂ ಬೇಡ. ಈ ಉತ್ತರವನ್ನು ಕತ್ತರಿಸಿ ಅಡುಗೆಮನೆ ಗೋಡೆಗೆ ಅಂಟಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಲ್ಯಾಕ್ಟೋಸ್ ಫ್ರೀ ಹಾಲು ಅಂದರೆ ಹಾಲಿನ ಸಕ್ಕರೆ ತೆಗೆದ ಹಾಲು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಹಾಗಲ್ಲ. ಹಾಲಿಗೆ ಲ್ಯಾಕ್ಟೇಸ್ ಕಿಣ್ವ ಸೇರಿಸಿ ಲ್ಯಾಕ್ಟೋಸ್ ಅನ್ನು ಮೊದಲೇ ಒಡೆದಿರುತ್ತಾರೆ. ಒಡೆದ ಎರಡು ಹೋಳೂ ಅದರಲ್ಲೇ ಇರುತ್ತವೆ, ಗ್ಲುಕೋಸ್ ಮತ್ತು ಗ್ಯಾಲಕ್ಟೋಸ್. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವವರಿಗೆ ಅದು ಸರಿ, ಅವರ ಕರುಳಿನಲ್ಲಿ ಇಲ್ಲದ್ದು ಒಡೆಯುವ ಕತ್ತರಿ ಮಾತ್ರ. ದಕ್ಷಿಣ ಭಾರತದ ದೊಡ್ಡವರಲ್ಲಿ ತುಂಬಾ ಜನ ಹಾಗಿದ್ದಾರೆ, ಅದು ಕಾಯಿಲೆ ಎನ್ನುವಂಥದ್ದೂ ಅಲ್ಲ. ನಿಮ್ಮ ಮಗನ ಕರುಳಿನಲ್ಲಿ ಕತ್ತರಿ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಒಡೆದ ಮೇಲೆ ಬರುವ ಗ್ಯಾಲಕ್ಟೋಸ್‌ನಿಂದ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಅಂಗಡಿಯವರು ಮಾತ್ರ ಅಲ್ಲ, ಓದಿದವರೂ ಇಲ್ಲಿ ಎಡವುತ್ತಾರೆ.

ಮೊಸರಿನದೂ ಇದೇ ಕಥೆ. ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸ್‌ನ ಒಂದು ಭಾಗವನ್ನಷ್ಟೇ ಒಡೆಯುತ್ತವೆ. ಅವುಗಳಲ್ಲಿ ಎಷ್ಟೋ ಬ್ಯಾಕ್ಟೀರಿಯಾ ಗ್ಲುಕೋಸ್ ತಾವು ತಿಂದು ಗ್ಯಾಲಕ್ಟೋಸ್ ಹೊರಗೆ ಬಿಡುತ್ತವೆ. ಅತ್ತೆಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಲ್ಯಾಕ್ಟೋಸ್ ಕಡಿಮೆಯಾಗುತ್ತದೆ. ಅವರಿಗೆ ಸಮಾಧಾನವಾಗಿ ಉಳಿದರ್ಧ ಹೇಳಿ. ಮಜ್ಜಿಗೆ, ಪನೀರ್, ಖೋವಾ ಬೇಡ. ಧಾರವಾಡ ಪೇಡೆ, ಬೆಳಗಾವಿ ಕುಂದಾ ಬೇಡ. ಊರಿನಿಂದ ಯಾರಾದರೂ ಗಿಣ್ಣು ತಂದರೆ ಅದೂ ಬೇಡ. ಎಳೆ ಮಕ್ಕಳಿಗೆ ಕತ್ತೆ ಹಾಲು ಒಳ್ಳೇದು ಎಂದು ಬೀದಿಯಲ್ಲಿ ಮಾರಿಕೊಂಡು ಬರುತ್ತಾರಲ್ಲ, ಅದರಲ್ಲಿ ಲ್ಯಾಕ್ಟೋಸ್ ಹೆಚ್ಚುಕಡಿಮೆ ತಾಯಿಯ ಹಾಲಿನಷ್ಟೇ. ಆಡಿನ ಹಾಲೂ ಹಾಲೇ. ಚೆನ್ನಾಗಿ ಕಾಯಿಸಿ ಸೋಸಿದ ತುಪ್ಪದಲ್ಲಿ ಮಾತ್ರ ಲ್ಯಾಕ್ಟೋಸ್ ತೀರಾ ಕಡಿಮೆ, ಎಷ್ಟು ಕೊಡಬಹುದು ಎಂದು ನಿಮ್ಮ ವೈದ್ಯರನ್ನು ಕೇಳಿ. ಬ್ರೆಡ್, ಬಿಸ್ಕೆಟ್, ಚಾಕೊಲೇಟ್ ಪೊಟ್ಟಣದ ಹಿಂದೆ ಹಾಲಿನ ಘನಾಂಶ, ಹಾಲಿನ ಪುಡಿ, ವ್ಹೇ ಎಂದಿದ್ದರೆ ಹಾಗೇ ಕೆಳಗಿಡಿ.

ಇನ್ನೊಂದು ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ಔಷಧಿ. ತುಂಬಾ ಮಾತ್ರೆಗಳಲ್ಲಿ ಮದ್ದು ಚಿಟಿಕೆಯಷ್ಟು, ಉಳಿದದ್ದು ತುಂಬಿಸಲು ಹಾಕಿದ ಪುಡಿ. ಆ ಪುಡಿ ಎಷ್ಟೋ ಸಲ ಲ್ಯಾಕ್ಟೋಸ್. ಹೋಮಿಯೋಪತಿಯ ಪುಡಿ ಪೊಟ್ಟಣ, ಅದುಮಿದರೆ ಹುಡಿಯಾಗುವ ಚಪ್ಪಟೆ ಮಾತ್ರೆಗಳೂ ಬಹುಪಾಲು ಹಾಲಿನ ಸಕ್ಕರೆಯಿಂದಲೇ ಮಾಡಿದವು. ಔಷಧಿ ಅಂಗಡಿಯಲ್ಲಿ ಪ್ರತಿ ಸಲ ಕೇಳಿ ತೆಗೆದುಕೊಳ್ಳಿ.

ಒಂದು ಸಂತೋಷದ ವಿಷಯವೂ ಇದೆ. ಹಿಂದೆ ಇಂಥ ಮಕ್ಕಳಿಗೆ ಟೊಮೆಟೊ, ಬೇಳೆ, ಕೆಲವು ಹಣ್ಣು ಕೂಡ ಬೇಡ ಅನ್ನುತ್ತಿದ್ದರು, ಅವುಗಳಲ್ಲೂ ಸ್ವಲ್ಪ ಗ್ಯಾಲಕ್ಟೋಸ್ ಇದೆ ಎಂದು. 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಆ ಕಟ್ಟುಪಾಡು ಸಡಿಲಿಸಿತು. ದೇಹವೇ ದಿನಾ ಮಾಡಿಕೊಳ್ಳುವ ಗ್ಯಾಲಕ್ಟೋಸ್ ಮುಂದೆ ಟೊಮೆಟೊದಲ್ಲಿರುವುದು ಲೆಕ್ಕಕ್ಕೇ ಇಲ್ಲ. ಅನ್ನ, ರಾಗಿ, ಬೇಳೆ ಸಾರು, ಪಲ್ಯ, ಹಣ್ಣು, ಕಾಯಿಹಾಲಿನ ಪಾಯಸ, ಎಲ್ಲ ಧಾರಾಳವಾಗಿ ತಿನ್ನಲಿ. ತೆಂಗಿನಕಾಯಿ ಹಾಲಿನಲ್ಲಿ ಲ್ಯಾಕ್ಟೋಸ್ ಇಲ್ಲ, ಹೆಸರಷ್ಟೇ ಹಾಲು.

ಪ್ರಶ್ನೆ: ಅವರೆಕಾಳಿನಲ್ಲೂ ಗ್ಯಾಲಕ್ಟೋಸ್ ಇದೆಯಂತೆ. ಅದಕ್ಕೇ ಗ್ಯಾಸ್ ಆಗುತ್ತಂತೆ. ಹೌದಾ? – ತುಮಕೂರು

ಉತ್ತರ: ಹೌದು, ಆದರೆ ಬಿಡಿಯಾಗಿ ಅಲ್ಲ. ಅವರೆ, ಹುರುಳಿ, ಕಡಲೆ, ಅಲಸಂದೆ, ಇವುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಮಾಮೂಲಿ ಸಕ್ಕರೆಗೆ ಒಂದು ಗ್ಯಾಲಕ್ಟೋಸ್ ಪೋಣಿಸಿದರೆ ರಾಫಿನೋಸ್, ಎರಡು ಪೋಣಿಸಿದರೆ ಸ್ಟಾಕಿಯೋಸ್. ಆ ಗಂಟು ಬಿಚ್ಚುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿ ಇಲ್ಲ. ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿ ಬ್ಯಾಕ್ಟೀರಿಯಾಗಳಿಗೆ ಹಬ್ಬ, ನಮಗೆ ಗ್ಯಾಸ್. ರಾತ್ರಿ ನೆನೆಸಿ ಆ ನೀರು ಚೆಲ್ಲಿ ಬೇರೆ ನೀರಿನಲ್ಲಿ ಬೇಯಿಸಿದರೆ ಒಂದಷ್ಟು ಹೋಗುತ್ತದೆ. ಮೊಳಕೆ ಕಟ್ಟಿದರೆ ಇನ್ನೂ ಜಾಸ್ತಿ ಹೋಗುತ್ತದೆ, ಬೀಜ ಮೊಳೆಯುವಾಗ ಅದನ್ನೇ ತಿಂದುಕೊಳ್ಳುತ್ತದೆ. ನೆನೆಸಿದ ಮೆಂತ್ಯ ಲೋಳೆ ಲೋಳೆಯಾಗುತ್ತದಲ್ಲ, ಅದರಲ್ಲೂ ಗ್ಯಾಲಕ್ಟೋಸ್ ಇದೆ, ಅದನ್ನೂ ನಾವು ಜೀರ್ಣಿಸಲಾರೆವು. ಹಾಗಾಗಿ ಹುಬ್ಬಳ್ಳಿಯ ಆ ಮಗು ಅವರೆಕಾಳು ಸಾರು ತಿನ್ನಬಹುದು. ಗ್ಯಾಸ್ ಆಗದಿರಲಿ ಎಂದು ಮಾರುವ ಆಲ್ಫಾ-ಗ್ಯಾಲಕ್ಟೋಸಿಡೇಸ್ ಮಾತ್ರೆ ಮಾತ್ರ ಅವನಿಗೆ ಕೊಡಬಾರದು, ಅದು ಗಂಟು ಬಿಚ್ಚಿ ಗ್ಯಾಲಕ್ಟೋಸ್ ಹೊರಗೆ ಬಿಡುತ್ತದೆ.

ಪ್ರಶ್ನೆ: ನನಗೆ 58 ವರ್ಷ, ಶುಗರ್ ಇದೆ, ಒಂದು ಕಣ್ಣಿಗೆ ಪೊರೆ ಬಂದಿದೆ. ಹಾಲಿನ ಗ್ಯಾಲಕ್ಟೋಸ್‌ನಿಂದ ಪೊರೆ ಬರುತ್ತೆ, ಬೇಗ ಮುಪ್ಪು ಬರುತ್ತೆ, ಮೂಳೆ ಮುರಿಯುತ್ತೆ ಎಂದು ವಾಟ್ಸಾಪಿನಲ್ಲಿ ಬಂದಿದೆ. ಹಾಲು ಬಿಡಲಾ? – ದಾವಣಗೆರೆ

ಉತ್ತರ: ಆ ಸಂದೇಶದಲ್ಲಿ ಮೂರು ಬೇರೆ ಬೇರೆ ವಿಷಯ ಕಲಸಿದ್ದಾರೆ.

ಪೊರೆಯ ವಿಷಯ ನಿಜವಾದ ವಿಜ್ಞಾನ, ಆದರೆ ನಿಮ್ಮ ವಿಷಯದಲ್ಲಿ ಅಲ್ಲ. ಕಣ್ಣಿನ ಮಸೂರದಲ್ಲಿ ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ ಇದೆ. ರಕ್ತದಲ್ಲಿ ಗ್ಯಾಲಕ್ಟೋಸ್ ವಿಪರೀತ ಏರಿದರೆ ಅದು ಅದನ್ನು ಗ್ಯಾಲಕ್ಟಿಟಾಲ್ ಮಾಡುತ್ತದೆ. ಗ್ಯಾಲಕ್ಟಿಟಾಲ್ ಅಲ್ಲಿಂದ ಹೊರಗೂ ಹೋಗದು, ಬೇರೆ ರೂಪಕ್ಕೂ ಬದಲಾಗದು. ನೀರು ಎಳೆದುಕೊಳ್ಳುತ್ತದೆ, ಮಸೂರ ಉಬ್ಬಿ ಮಂಜಾಗುತ್ತದೆ. ಮಂಗಳೂರಿನ ವಿದ್ಯಾರ್ಥಿನಿಗೆ ಹೇಳಬೇಕಿದ್ದ ಉತ್ತರ ಇದೇ. ಈ ಕಿಣ್ವವನ್ನು ತಡೆಯುವ ಗೊವೊರೆಸ್ಟಾಟ್ ಎಂಬ ಔಷಧಿಯನ್ನು ಗ್ಯಾಲಕ್ಟೋಸೀಮಿಯಾಗೆಂದು ಪ್ರಯೋಗಿಸಿದರು, 2024ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಎಷ್ಟೋ ತಂದೆತಾಯಿ ಅದಕ್ಕಾಗಿ ಕಾದಿದ್ದರು, ಆ ಸುದ್ದಿ ಓದಿ ನನಗೂ ಬೇಸರವಾಯಿತು.

ನಿಮ್ಮ ಲಿವರ್ ಸರಿಯಿದ್ದರೆ ಹಾಲಿನ ಗ್ಯಾಲಕ್ಟೋಸ್‌ನ ಬಹುಪಾಲನ್ನು ಅದು ಬಂದ ದಾರಿಯಲ್ಲೇ ಹಿಡಿದುಕೊಳ್ಳುತ್ತದೆ, ಕಣ್ಣಿನ ತನಕ ಬಿಡುವುದಿಲ್ಲ. ನಿಮ್ಮ ಮಸೂರದಲ್ಲಿ ಅದೇ ಕಿಣ್ವಕ್ಕೆ ಸಿಗುತ್ತಿರುವುದು ಗ್ಲುಕೋಸ್, ಅದು ಮಾಡುವುದು ಸಾರ್ಬಿಟಾಲ್. ಶುಗರ್ ಇರುವವರಿಗೆ ಪೊರೆ ಬೇಗ ಬರಲು ಇದೂ ಒಂದು ಕಾರಣ. ಆದ್ದರಿಂದ ಹಾಲಿನ ಮೇಲೆ ಅನುಮಾನ ಬಿಟ್ಟು ಶುಗರ್ ಹತೋಟಿಗೆ ತನ್ನಿ.

ಮುಪ್ಪಿನ ಮಾತು ಬಂದದ್ದು ಇಲಿಗಳಿಂದ. ಸಂಶೋಧಕರು ಇಲಿಗೆ ಬೇಗ ಮುಪ್ಪು ತರಿಸಲು ವಾರಗಟ್ಟಲೆ ದಿನಾ ಗ್ಯಾಲಕ್ಟೋಸ್ ಚುಚ್ಚುತ್ತಾರೆ, ನಿಜ. ಚುಚ್ಚುವುದಕ್ಕೂ ಎರಡು ಲೋಟ ಕಾಫಿಯಲ್ಲಿ ಹಾಲು ಕುಡಿಯುವುದಕ್ಕೂ ಹೋಲಿಕೆ ಇಲ್ಲ. ಮೂಳೆಯ ಮಾತು ಸ್ವೀಡನ್ನಿನ 2014ರ ಒಂದು ಅಧ್ಯಯನದ್ದು. 61,433 ಹೆಂಗಸರು, 45,339 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದರು. ದಿನಕ್ಕೆ ಮೂರು ಲೋಟ ಅಥವಾ ಅದಕ್ಕಿಂತ ಜಾಸ್ತಿ ಹಾಲು ಕುಡಿದ ಹೆಂಗಸರಲ್ಲಿ ಸಾವು, ಮೂಳೆ ಮುರಿತ ಜಾಸ್ತಿ ಕಂಡವು, ಮೊಸರಿನಂಥ ಹುಳಿ ಹಾಲು ತಿಂದವರಲ್ಲಿ ಕಡಿಮೆ ಕಂಡವು. ಗ್ಯಾಲಕ್ಟೋಸ್ ಕಾರಣ ಇರಬಹುದಾ ಎಂದು ಅವರೇ ಕೇಳಿದರು, ಎಚ್ಚರಿಕೆಯಿಂದ ಓದಿ ಎಂದೂ ಅವರೇ ಬರೆದರು. ಜೊತೆಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗುವುದಿಲ್ಲ ಅಲ್ವಾ? ಈ ಒಂದು ಅಧ್ಯಯನ ನೋಡಿ ಹಾಲು ಬಿಡಿ ಎಂದು ನಾನು ಹೇಳುವುದಿಲ್ಲ.

ಪ್ರಶ್ನೆ: ನಾವು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದೇವೆ. ಮನೆಯವರಿಗೆ ರಾತ್ರಿ ಮಟನ್ ತಿಂದು ಮಲಗಿದರೆ ನಡುರಾತ್ರಿ ಮೈತುಂಬ ದದ್ದು. ಇಲ್ಲಿನ ಡಾಕ್ಟರ್ ‘ಆಲ್ಫಾ-ಗ್ಯಾಲ್’ ಎಂದರು. ಇದೂ ಆ ಗ್ಯಾಲಕ್ಟೋಸೇನಾ?

ಉತ್ತರ: ಅದೇ ಸಕ್ಕರೆ, ಆದರೆ ಕಾಯಿಲೆ ಪೂರ್ತಿ ಬೇರೆ. ಎರಡು ಗ್ಯಾಲಕ್ಟೋಸ್ ಒಂದು ವಿಶೇಷ ರೀತಿಯಲ್ಲಿ ಕೊಂಡಿ ಹಾಕಿಕೊಂಡರೆ ಅದಕ್ಕೆ ಆಲ್ಫಾ-ಗ್ಯಾಲ್ ಅನ್ನುತ್ತಾರೆ. ದನ, ಹಂದಿ, ಕುರಿ, ಆಡಿನ ಮಾಂಸದಲ್ಲಿ ಇದೆ. ಮನುಷ್ಯರಲ್ಲಿ ಇಲ್ಲ. ನಿಮ್ಮ ಕಡೆ ಬೆನ್ನ ಮೇಲೆ ಒಂದು ಬಿಳಿ ಚುಕ್ಕೆ ಇರುವ ಉಣ್ಣೆ ಹುಳ ಇದೆ, ಲೋನ್ ಸ್ಟಾರ್ ಅನ್ನುತ್ತಾರೆ. ಅದು ಕಚ್ಚಿದ ಮೇಲೆ ಕೆಲವರ ದೇಹ ಈ ಕೊಂಡಿಯನ್ನು ಶತ್ರು ಎಂದು ನೆನಪಿಟ್ಟುಕೊಳ್ಳುತ್ತದೆ. ಬೇರೆ ಅಲರ್ಜಿ ನಿಮಿಷಗಳಲ್ಲಿ ಬಂದರೆ ಇದು 2ರಿಂದ 6 ಗಂಟೆ ಬಿಟ್ಟು ಬರುತ್ತದೆ, ಅದಕ್ಕೇ ಊಟಕ್ಕೂ ದದ್ದಿಗೂ ನಂಟಿದೆ ಎಂದು ಜನರಿಗೆ ಹೊಳೆಯುವುದೇ ಇಲ್ಲ. ಸೆಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧಿ ಕೊಟ್ಟಾಗ ನಿಮ್ಮ ರಾಜ್ಯ ಮತ್ತು ಟೆನೆಸಿಯಲ್ಲಿ ರೋಗಿಗಳಿಗೆ ತೀವ್ರ ಅಲರ್ಜಿ ಆಗುತ್ತಿತ್ತು, ಅದರ ಬೆನ್ನು ಹತ್ತಿ ಹೋಗಿ ಇದನ್ನು ಕಂಡುಹಿಡಿದರು, 2008ರಲ್ಲಿ. ಕೋಳಿ, ಮೀನು ತಿನ್ನಬಹುದು. ಉಸಿರು ಕಟ್ಟುವಂತಾದರೆ ಮನೆಯಲ್ಲಿ ಕಾಯಬೇಡಿ, ತುರ್ತು ಚಿಕಿತ್ಸೆಗೆ ಹೋಗಿ, ಎಪಿನೆಫ್ರಿನ್ ಇಂಜೆಕ್ಷನ್ ಮನೆಯಲ್ಲಿ ಇಟ್ಟುಕೊಳ್ಳಬೇಕಾ ಎಂದು ಡಾಕ್ಟರನ್ನು ಕೇಳಿ. ಮಲೆನಾಡಿನ ಓದುಗರು ಉಣ್ಣೆ ಎಂದ ಕೂಡಲೇ ಮಂಗನ ಕಾಯಿಲೆ ನೆನೆಯುತ್ತಾರೆ. ಅದು ವೈರಸ್‌ನಿಂದ ಬರುವುದು, ಇದಕ್ಕೆ ಸಂಬಂಧ ಇಲ್ಲ.

ಪ್ರಶ್ನೆ: ಗ್ಯಾಲಕ್ಟೋಸ್ ಔಷಧಿಯಾಗಿಯೂ ಕೊಡುತ್ತಾರಾ? – ಶಿರಸಿ

ಉತ್ತರ: ಕೊಡುತ್ತಾರೆ. ಪಿಜಿಎಂ1 ಎಂಬ ಕಿಣ್ವ ಕಡಿಮೆ ಇರುವ ಅಪರೂಪದ ಮಕ್ಕಳಿದ್ದಾರೆ. ಕಿರುನಾಲಿಗೆ ಸೀಳಿರುತ್ತದೆ, ಲಿವರ್ ತೊಂದರೆ, ರಕ್ತದ ಸಕ್ಕರೆ ಬೀಳುವುದು, ಆಟ ಆಡಿದರೆ ಸುಸ್ತು. ಅವರ ಪ್ರೋಟೀನುಗಳ ಮೇಲೆ ಗ್ಯಾಲಕ್ಟೋಸ್ ಸರಿಯಾಗಿ ಕೂತಿರುವುದಿಲ್ಲ. ವೈದ್ಯರ ಲೆಕ್ಕದಲ್ಲಿ ಬಾಯಿಯ ಮೂಲಕ ಗ್ಯಾಲಕ್ಟೋಸ್ ಕೊಟ್ಟರೆ ಅದು ಕೂರುತ್ತದೆ, ಲಿವರ್ ಕೂಡ ಸುಧಾರಿಸುತ್ತದೆ. ಹಾಸನದ ಮಗುವಿಗೆ ಬೇಡವೇ ಬೇಡ ಎಂದದ್ದು ಇವರಿಗೆ ಬೇಕೇ ಬೇಕು.

ಪ್ರಶ್ನೆ: ಹುಟ್ಟಿದಾಗ ಹಿಮ್ಮಡಿಯಿಂದ ರಕ್ತ ತೆಗೆದು ಮಾಡಿದ ಪರೀಕ್ಷೆಯಲ್ಲಿ ಮಗಳಿಗೆ ಗಾಲ್ಟ್ ಕಡಿಮೆ ಎಂದು ಬಂತು. ಮತ್ತೆ ಮಾಡಿಸಿದಾಗ ‘ಡುವಾರ್ಟೆ’ ಎಂದರು. ಮಗು ಆರಾಮಾಗಿದೆ. ಹಾಲು ನಿಲ್ಲಿಸಬೇಕಾ? – ಬೆಂಗಳೂರು

ಉತ್ತರ: ಬೇಡ. ಡುವಾರ್ಟೆ ಎಂಬುದು ಕ್ಯಾಲಿಫೋರ್ನಿಯಾದ ಒಂದು ಊರಿನ ಹೆಸರು, ಗಾಲ್ಟ್ ಕೊರತೆಯ ಒಂದು ಸೌಮ್ಯ ಬಗೆಯನ್ನೂ ಆ ಹೆಸರಿನಿಂದಲೇ ಕರೆಯುತ್ತಾರೆ. ಇದರಲ್ಲಿ ಕಿಣ್ವ ಸಾಮಾನ್ಯವಾಗಿ ಕಾಲು ಭಾಗದಷ್ಟು ಕೆಲಸ ಮಾಡುತ್ತದೆ, ಅಷ್ಟು ಸಾಕು. ಅಮೆರಿಕದಲ್ಲಿ ಇಂಥ ಮಕ್ಕಳನ್ನು ಹೋಲಿಸಿ ನೋಡಿದರು. ಚಿಕ್ಕಂದಿನಲ್ಲಿ ಹಾಲು ಬಿಟ್ಟವರಿಗೂ ಕುಡಿದವರಿಗೂ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಮಕ್ಕಳ ವೈದ್ಯರಿಗೆ ವರದಿ ತೋರಿಸಿ, ಅವರು ಹೌದು ಎಂದರೆ ಧೈರ್ಯವಾಗಿ ಎದೆಹಾಲು ಕೊಡಿ.

ಸುಮ್ನೆ ತಿಳಿದಿರಲಿ ಎಂದು ಹೇಳುತ್ತೇನೆ, ಗಾಲ್ಟ್ ಬಿಸಿಗೆ ಕೆಡುವ ಕಿಣ್ವ. ಬೇಸಿಗೆಯಲ್ಲಿ ರಕ್ತದ ಕಾಗದ ಕೊರಿಯರ್ ಡಬ್ಬದಲ್ಲಿ ಎರಡು ದಿನ ಬೆಂದರೆ, ಚೆನ್ನಾಗಿರುವ ಮಗುವಿಗೂ ಕಡಿಮೆ ಎಂದು ವರದಿ ಬರಬಹುದು. ಆದ್ದರಿಂದ ಮೊದಲ ವರದಿಗೆ ಎದೆಗುಂದಬೇಡಿ, ಹಾಗೆಂದು ಎರಡನೇ ಪರೀಕ್ಷೆ ಮುಂದೂಡಲೂ ಬೇಡಿ. ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಕಡ್ಡಾಯವಾಗಿ ಈ ಪರೀಕ್ಷೆ ಮಾಡುವ ರಾಷ್ಟ್ರೀಯ ವ್ಯವಸ್ಥೆ ಇನ್ನೂ ಇಲ್ಲ. ಆಗಲೇಬೇಕು ಎಂದು ನನ್ನ ಬಲವಾದ ನಂಬಿಕೆ. ಅಲ್ಲಿಯ ತನಕ ಹೆರಿಗೆ ಆಸ್ಪತ್ರೆಯಲ್ಲಿ ನೀವೇ ಕೇಳಿ ಮಾಡಿಸಿಕೊಳ್ಳಬೇಕು.

ಪ್ರಶ್ನೆ: ಮೊದಲ ಮಗು ಗ್ಯಾಲಕ್ಟೋಸೀಮಿಯಾದಿಂದ ತೀರಿಕೊಂಡಿತು. ಈಗ ನಾನು ಮತ್ತೆ ಬಸುರಿ. ಗಂಡ ನನಗೆ ಸೋದರಮಾವ. ನಾನು ಈಗಲೇ ಹಾಲು ಬಿಟ್ಟರೆ ಮಗುವಿಗೆ ಒಳ್ಳೇದಾಗುತ್ತಾ? – ಊರು ಬೇಡ

ಉತ್ತರ: ಅಮ್ಮ, ನಿಮ್ಮ ಪತ್ರ ಎರಡು ಸಲ ಓದಿದೆ. ಇದು ತಂದೆ ತಾಯಿ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದಾಗ ಮಾತ್ರ ಬರುವ ಕಾಯಿಲೆ. ನಿಮ್ಮಿಬ್ಬರಲ್ಲೂ ಒಂದು ಒಳ್ಳೇದು, ಒಂದು ಕೆಟ್ಟದ್ದು ಇದೆ, ಅದಕ್ಕೇ ನೀವಿಬ್ಬರೂ ಆರೋಗ್ಯವಾಗಿದ್ದೀರಿ. ಪ್ರತಿ ಬಸಿರಿನಲ್ಲೂ ಮಗುವಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಬರದಿರುವ ಸಾಧ್ಯತೆ ನಾಲ್ಕರಲ್ಲಿ ಮೂರು. ರಕ್ತಸಂಬಂಧದ ಮದುವೆಯಲ್ಲಿ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಅವಕಾಶ ಜಾಸ್ತಿ, ಆದರೆ ಸಂಬಂಧವಿಲ್ಲದವರಿಗೂ ಇದು ಬರುತ್ತದೆ. ನಿಮ್ಮ ಮದುವೆ ಬಗ್ಗೆ ಈಗ ಯಾರೂ ಆಡಿಕೊಳ್ಳುವುದು ಬೇಡ.

ನೀವು ಹಾಲು ಬಿಡುವುದರಿಂದ ಮಗುವಿಗೆ ಲಾಭ ಆದದ್ದು ಕಂಡಿಲ್ಲ. ಚೆನ್ನಾಗಿ ಊಟ ಮಾಡಿ, ಹಾಲು ಮೊಸರು ತಿನ್ನಿ. ಮೊದಲ ಮಗುವಿನ ಜೀನ್ ವರದಿ ಇದ್ದರೆ ಅದನ್ನು ಹಿಡಿದು ಈಗಲೇ ತಳಿ ತಜ್ಞರನ್ನು ಕಾಣಿ. ಬಸಿರಿನಲ್ಲೇ ಪರೀಕ್ಷೆ ಮಾಡಿಸುವ ದಾರಿ ಇದೆ, ಮಾಡಿಸಬೇಕೇ ಬೇಡವೇ ಎಂಬುದು ನಿಮ್ಮಿಬ್ಬರ ತೀರ್ಮಾನ. ಮಾಡಿಸದಿದ್ದರೂ ಪರವಾಗಿಲ್ಲ, ಮೊದಲ ಮಗುವಿನ ಸುದ್ದಿ ಹೆರಿಗೆ ಮಾಡಿಸುವವರಿಗೆ, ಮಕ್ಕಳ ವೈದ್ಯರಿಗೆ ಇಬ್ಬರಿಗೂ ಮುಂಚೆಯೇ ಹೇಳಿಟ್ಟಿರಿ. ಸೋಯಾ ಪುಡಿ ಡಬ್ಬಿ ಹೆರಿಗೆ ಚೀಲದಲ್ಲೇ ಇರಲಿ. ಮಗು ಹುಟ್ಟಿದ ದಿನವೇ ರಕ್ತ ಪರೀಕ್ಷೆಗೆ ಹೋಗಲಿ, ವರದಿ ಬರುವ ತನಕ ಮೊದಲ ಗುಟುಕಿನಿಂದಲೇ ಸೋಯಾ. ಆ ಕೆಲವು ದಿನ ನೀವು ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ತೆಗೆಯುತ್ತಾ ಇರಿ, ಬತ್ತಲು ಬಿಡಬೇಡಿ. ವರದಿ ಒಳ್ಳೇದು ಬಂದರೆ ಅವತ್ತೇ ಮಗುವನ್ನು ಎದೆಗೆ ಹಾಕಿಕೊಳ್ಳಬಹುದು.